ಮೂವತ್ತಡಿ ಎತ್ತರದ ಅಪ್ಪ

ಕಡ್ಡಿಯನ್ನು ಗುಡ್ಡ ಮಾಡುವವರನ್ನು ಕಂಡರೆ ಜನರಿಗೆ ಆಗುವುದಿಲ್ಲ. ನನಗೆ ಮಾತ್ರ ಅದೇ ಹೊಟ್ಟೆಪಾಡಾಗಿತ್ತು. ಕೋಲಾರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ಬಾಗಿಲಷ್ಟು, ಗೋಡೆಯಷ್ಟು, ಮಹಡಿಯಷ್ಟು ದೊಡ್ಡದು ಮಾಡುವುದು ನನ್ನ ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟುಹಬ್ಬ ಮಾಡಿಕೊಂಡ, ಮದುವೆಯಾದ, ಚುನಾವಣೆಗೆ ನಿಂತ, ಸೋತ, ಸತ್ತ ಎಷ್ಟೋ ಜನರ ಮೂಗಿನ ಹೊಳ್ಳೆಗಳನ್ನು ಅವರ ಹೆಂಡಿರಿಗಿಂತ ಹತ್ತಿರದಿಂದ ನೋಡಿದವನು ನಾನು. ಇಂಥವನ ಮನೆಯಲ್ಲಿ, ನಡುಮನೆಯ ಗೋಡೆಯ ಮೇಲೆ, ತಾತನ ಫೋಟೋ ಒಂದಿದೆ. ಅದು ಅಂಗೈಯಷ್ಟೇ ಇದೆ. ಇದನ್ನು ಕಂಡರೆ ನನ್ನ ಹೆಂಡತಿಗೆ ಅವಮಾನ. "ಊರೋರ ತಾತಂದಿರ್ನೆಲ್ಲಾ ಆಕಾಶದಷ್ಟು ಮಾಡಿದ್ರಿ. ನಿಮ್ ತಾತ ಏನ್ ಪಾಪ ಮಾಡಿದ್ರು? ಒಂದ್ಸಲ ಸ್ಕ್ಯಾನ್ ಮಾಡಿ ದೊಡ್ಡದು ಮಾಡ್ಬಾರ್ದಾ?" ಎಂದು ಪ್ರತಿ ಹಬ್ಬಕ್ಕೂ ಕೇಳುತ್ತಾಳೆ. "ಚಿಕ್ಕದೇ ಚೆಂದ ಕಣೇ" ಎನ್ನುತ್ತೇನೆ. ಅವಳು ಇದನ್ನು ಸೋಮಾರಿತನ ಎಂದುಕೊಂಡಿದ್ದಾಳೆ. ಸೋಮಾರಿತನ ನನ್ನಲ್ಲಿ ಬೇಕಾದಷ್ಟಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ಕಾರಣ ಅದಲ್ಲ. ನನಗೆ ಭಯ.

ಭಯದ ಕಥೆ ಹೇಳಬೇಕಾದರೆ ಮೊದಲು ನರಸಪ್ಪನವರ ಬಗ್ಗೆ ಹೇಳಬೇಕು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ ನಮ್ಮಪ್ಪ ನನ್ನನ್ನು ಕರೆದುಕೊಂಡು ಹೋಗಿ ಮುಳಬಾಗಿಲಿನ ಅವರ ಸ್ಟುಡಿಯೋದಲ್ಲಿ ಬಿಟ್ಟರು. ನರಸಪ್ಪನವರಿಗೆ ಆಗಲೇ ಅರವತ್ತು ದಾಟಿತ್ತು. ಫೋಟೋ ತೆಗೆಯುವುದಕ್ಕಿಂತ ತೆಗೆದ ಫೋಟೋ ತಿದ್ದುವುದರಲ್ಲಿ ಅವರ ಹೆಸರು ದೊಡ್ಡದು. ಮೂರು ಕೂದಲಿನ ಬ್ರಷ್ಷು, ಒಂದು ಬಟ್ಟಲು ನೀರು, ಒಂದಿಷ್ಟು ಬಣ್ಣ ಇದ್ದರೆ ಮೊಡವೆ ಮಾಯ, ಬೋಳುತಲೆಯಲ್ಲಿ ಕೂದಲು, ಕೂದಲಿನಲ್ಲಿ ಬೈತಲೆ. ಬಯ್ಯುವಾಗ ಕನ್ನಡ, ಕಲಿಸುವಾಗ ತೆಲುಗು, ಇದು ಅವರ ಪದ್ಧತಿ. ನನ್ನ ಜೊತೆ ಹೆಚ್ಚಾಗಿ ಕನ್ನಡದಲ್ಲೇ ಮಾತಾಡುತ್ತಿದ್ದರು. ತೆಲುಗಿನಲ್ಲಿ ಅವರು ಕಲಿಸಿದ್ದು ಎರಡೇ ಪಾಠ. ಒಂದು, ಬ್ರಷ್ ಮುಟ್ಟಿದ ಪ್ರಿಂಟಿಗೆ ಜನ್ಮದಲ್ಲಿ ನೀರು ಮುಟ್ಟಿಸಬಾರದು. ಇನ್ನೊಂದು ಕಣ್ಣಿನ ಪಾಠ. ಕಣ್ಣಿನ ಕರಿಗುಡ್ಡೆಯ ಮೇಲೆ, ಮೇಲ್ಗಡೆ ಎಡಕ್ಕೆ, ಒಂದು ಬಿಳಿ ಚುಕ್ಕೆ ಇಡಬೇಕು. "ಚುಕ್ಕ ಪೆಡ್ತೆ ಚಚ್ಚಿನೋಡು ಕೂಡ ಚೂಸ್ತಾಡ್ರಾ" ಎನ್ನುತ್ತಿದ್ದರು. ಚುಕ್ಕೆ ಇಟ್ಟರೆ ಸತ್ತವನೂ ನೋಡುತ್ತಾನೆ ಕಣೋ, ಎಂದು ಅರ್ಥ. ನಾನು ಅದನ್ನು ಗಾದೆ ಎಂದುಕೊಂಡು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಕಲರ್ ಲ್ಯಾಬುಗಳು ಬಂದವು, ಸ್ಟುಡಿಯೋ ಮುಚ್ಚಿತು, ನರಸಪ್ಪನವರು ತೀರಿಕೊಂಡರು. ನಾನು ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿಕೊಂಡು ಕೋಲಾರ ಸೇರಿದೆ. ಬಾಬು ಅನ್ನುವವನ ಫ್ಲೆಕ್ಸ್ ಅಂಗಡಿ. ಅವನೇ ಓನರ್, ಅವನೇ ಪ್ರಿಂಟರ್ ಓಡಿಸುವವನು, ಕಂಬ ಹತ್ತಿ ಬ್ಯಾನರ್ ಕಟ್ಟುವವನೂ ಅವನೇ. ನನ್ನದು ಒಳಗೆ ಕೂತು ಮಾಡುವ ಕೆಲಸವಾದ್ದರಿಂದ ನಾಲ್ಕು ತಾಲ್ಲೂಕಿಗೆ ಒಬ್ಬನೇ ಡಿಸೈನರ್ ಎಂದು ನನಗೆ ನಾನೇ ಒಂದು ಪದವಿ ಕೊಟ್ಟುಕೊಂಡಿದ್ದೆ. ಫೋಟೋ ತಿದ್ದುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ಅದರ ಸಹಾಯದ ಪುಟಗಳನ್ನು ಪೂರ್ತಿ ಓದಿದ ಮನುಷ್ಯ ಜಿಲ್ಲೆಯಲ್ಲಿ ನಾನೊಬ್ಬನೇ ಎಂದು ನನ್ನ ನಂಬಿಕೆ. ಅಲ್ಲಿ ಒಂದು ಗುಟ್ಟು ಸಿಕ್ಕಿತ್ತು. ಎಲ್ಲರೂ ಬಳಸುವ ಮಾಮೂಲಿ ಫೈಲಿಗೆ ಒಂದು ಮಿತಿ ಇದೆ. ಒಂದು ಬದಿಗೆ ಮೂವತ್ತು ಸಾವಿರ ಚುಕ್ಕೆ, ಅಂದರೆ ಪಿಕ್ಸೆಲ್, ಒಟ್ಟು ತೂಕ ಎರಡು ಜಿಬಿ, ಅದಕ್ಕಿಂತ ಮೇಲೆ ಅದು ಹಿಡಿಯುವುದಿಲ್ಲ. ಅದನ್ನೂ ಮೀರಿದ ಭಾರೀ ಚಿತ್ರಗಳಿಗಾಗಿ ಪಿ.ಎಸ್.ಬಿ. ಎಂಬ ಬೇರೆಯದೇ ಒಂದು ನಮೂನೆ ಇದೆ. ಬಿ ಎಂದರೆ ಬಿಗ್ ಎಂದು ನಾನೇ ಅರ್ಥ ಮಾಡಿಕೊಂಡೆ. ಅದು ಸುಮ್ಮನೆ ಕಣ್ಣಿಗೆ ಬೀಳುವುದಿಲ್ಲ. ಸೆಟ್ಟಿಂಗುಗಳ ಒಳಗೆ ಹೋಗಿ, ಒಂದು ಸಣ್ಣ ಚೌಕದಲ್ಲಿ ಗುರುತು ಹಾಕಿದರೆ ಮಾತ್ರ ಬಾಗಿಲು ತೆಗೆಯುತ್ತದೆ. ನಾನು ಇದನ್ನು ಟೀ ಅಂಗಡಿಯಲ್ಲಿ ವಿವರಿಸಿದಾಗ ಟೀ ಮಾಡುವವನು "ಅದ್ರಿಂದ ಹಾಲು ಏನಾದ್ರೂ ಕಮ್ಮಿ ಕುದಿಯುತ್ತಾ ಸಾರ್?" ಎಂದು ಕೇಳಿದ. ಬಾಬು "ರೋಡಲ್ಲಿ ಬೈಕಲ್ಲಿ ಹೋಗೋನು ಚುಕ್ಕೆ ಎಣಿಸ್ತಾನಾ? ಫ್ಲೆಕ್ಸ್‌ಗೆ ಅಷ್ಟೆಲ್ಲಾ ಬೇಕಾಗಿಲ್ಲ ಸುಮ್ನಿರಪ್ಪ" ಎಂದ. ಮಾತು ನಿಜ. ಆದರೂ ಕೊಪ್ಪರಿಗೆ ಕೊಂಡವನು ಮನೆಯಲ್ಲಿ ಒಂದು ಮದುವೆ ಬರಲಿ ಎಂದು ಕಾಯುವ ಹಾಗೆ, ಆ ನಮೂನೆಗೆ ತಕ್ಕ ಚಿತ್ರವೊಂದು ಬರಲಿ ಎಂದು ನಾನು ಕಾಯುತ್ತಿದ್ದೆ.

ಅದು ಬಂದದ್ದು ಬೈರಕೂರಿನ ಕಡೆಯಿಂದ. ವೆಂಕಟರಮಣಪ್ಪ ಮೇಷ್ಟ್ರು ಹೆಡ್‌ಮಾಸ್ಟರ್ ಆಗಿದ್ದು ಇನ್ನೇನು ನಿವೃತ್ತರಾಗುವವರಿದ್ದರು. ತಮ್ಮ ಊರಿನ ಶಾಲೆಗೆ ಅಪ್ಪನ ಹೆಸರಿನಲ್ಲಿ ಪುಸ್ತಕದ ಕೋಣೆಯೊಂದನ್ನು ಕಟ್ಟಿಸಿದ್ದರು. ಅದರ ಉದ್ಘಾಟನೆಗೆ ಅಪ್ಪನ ಫ್ಲೆಕ್ಸ್ ಬೇಕಿತ್ತು. ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದ ಒಂದು ಚಿಕ್ಕ ಚೌಕಟ್ಟನ್ನು ಮೇಜಿನ ಮೇಲಿಟ್ಟರು. ಒಳಗೆ ನಾಲ್ಕಕ್ಕೆ ಆರು ಇಂಚಿನ ಕಪ್ಪುಬಿಳುಪು ಫೋಟೋ. ಕುರ್ಚಿಯ ಮೇಲೆ ಕೂತ ಒಬ್ಬ ಯುವಕ, ಕರಿ ಕೋಟು, ಪೇಟ, ಹೆಗಲ ಮೇಲೆ ಶಲ್ಯ, ಹಿಂದೆ ಹೂವಿನ ಚಿತ್ತಾರದ ಜಮಖಾನೆ. ಕಣ್ಣು ಅಗಲವಾಗಿ ಬಿಟ್ಟು ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದ. ತುಂಬ ಬಿಗಿಯಾಗಿ ಕೂತಿದ್ದ. ಆ ಕಾಲದವರೆಲ್ಲ ಕ್ಯಾಮೆರಾ ಮುಂದೆ ಹೆಣದ ಹಾಗೇ ಕೂರುತ್ತಿದ್ದರು ಎಂದು ನನಗೆ ಒಳಗೊಳಗೇ ನಗು ಬಂತು.

"ಎಷ್ಟಡಿ ಬೇಕು ಸಾರ್?" ಎಂದೆ.

"ಇಪ್ಪತ್ತಡಿ ಅಗಲ, ಮೂವತ್ತಡಿ ಎತ್ತರ" ಎಂದರು.

ಶಾಸಕರಿಗೂ ನಾವು ಅಷ್ಟು ಮಾಡಿದ್ದಿಲ್ಲ. ಮೇಷ್ಟ್ರು ನನ್ನ ಮುಖ ನೋಡಿ, ಪಾಠ ಹೇಳುವವರ ಹಾಗೆ ನಿಧಾನವಾಗಿ ವಿವರಿಸಿದರು. "ನಾನು ಹುಟ್ಟೋಕೆ ಎರಡು ತಿಂಗ್ಳು ಮುಂಚೇನೇ ನಮ್ಮಪ್ಪ ಹೋಗ್ಬಿಟ್ರು. ಮಕ್ಳು ಅಂದ್ರೆ ಅಪ್ಪನ್ನ ಕತ್ತೆತ್ತಿ ನೋಡ್ತವೆ ಅಲ್ವೇನಪ್ಪ? ನಾನು ಯಾವತ್ತೂ ಬಗ್ಗೇ ನೋಡಿರೋದು. ಅಮ್ಮನ ದೇವರ ಗೂಡಲ್ಲಿ ಇಷ್ಟೇ ಇರೋದಲ್ಲ ಇದು. ಸಾಯೋದ್ರೊಳಗೆ ಒಂದ್ಸಲ ಕತ್ತೆತ್ತಿ ನೋಡ್ಬೇಕು. ಕಣ್ಣು ಮಾತ್ರ ಚೆನ್ನಾಗಿ ಕಾಣ್ಬೇಕು. ನಮ್ಮಪ್ಪ ನನ್ನ ನೋಡಿರೋದು ಅಂದ್ರೆ ಅದೊಂದೇ ಕಣಪ್ಪ." ಹೊರಡುವಾಗ ತಿರುಗಿ ಬಂದು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲಿ ಹೆಗಲ ಮೇಲೆ ಒಂದು ಕಲೆ ಇದೆ. ಅದೊಂದು ತೆಗೆದ್ಬಿಡು."

ಫೋಟೋ ಗಾಜಿಗೆ ಅಂಟಿಕೊಂಡುಬಿಟ್ಟಿತ್ತು. ಹಳೆಯ ಫೋಟೋಗಳಿಗೆ ಅದು ಮಾಮೂಲು. ಗಾಜಿನ ಸಮೇತವೇ ಸ್ಕ್ಯಾನರಿನ ಮೇಲಿಟ್ಟೆ. ಹೆಗಲ ಕಲೆಯ ನೇರಕ್ಕೆ ಗಾಜಿನ ಮೇಲೂ ಜಿಡ್ಡಿನ ಗುರುತು ಇತ್ತು. ವರ್ಷಗಟ್ಟಲೆ ಯಾರೋ ಅದೇ ಜಾಗವನ್ನು ಮುಟ್ಟಿ ಮುಟ್ಟಿ ಆದ ಗುರುತು. ಅದನ್ನು ಬಟ್ಟೆಯಿಂದ ಉಜ್ಜಿ ಒರೆಸಿದೆ. ನಮ್ಮ ಸ್ಕ್ಯಾನರಿಗೆ ಸಾಧ್ಯವಿದ್ದಷ್ಟೂ ಸೂಕ್ಷ್ಮವಾಗಿ ಸ್ಕ್ಯಾನಿಗೆ ಹಾಕಿದೆ. ಬೆಳಿಗ್ಗೆ ಹಾಕಿದ್ದು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಫ್ಲೆಕ್ಸಿಗೆ ಅದರ ಹತ್ತರಲ್ಲಿ ಒಂದು ಪಾಲು ಸಾಕಾಗಿತ್ತು. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಒಪ್ಪಿಕೊಳ್ಳುತ್ತೇನೆ.

ಅಂಥ ಚಿತ್ರವನ್ನು ಪೂರ್ತಿ ಗಾತ್ರದಲ್ಲಿ ತೆರೆದರೆ ಏನಾಗುತ್ತದೆ ಎಂದು ನೋಡಿದವರಿಗೇ ಗೊತ್ತು. ಪರದೆಯ ತುಂಬ ಬೂದಿ ಬಣ್ಣ. ಅದು ಕೆನ್ನೆಯೋ ಗೋಡೆಯೋ ತಿಳಿಯುವುದಿಲ್ಲ. ಒಂದು ಪರದೆ ಬಲಕ್ಕೆ ಸರಿದರೆ ಇನ್ನೊಂದಿಷ್ಟು ಬೂದಿ. ಹೀಗೆ ಸುಮಾರು ಏಳುನೂರು ಪರದೆಗಳಾಗುವಷ್ಟು ಮನುಷ್ಯ ಅವನು. ನಾನು ಅವನ ಮುಖದಲ್ಲಿ ದಾರಿ ತಪ್ಪಿ ಅಲೆಯುತ್ತಿದ್ದೆ. ಕೋಟಿನ ಗುಂಡಿ ಸಿಕ್ಕಿದರೆ ಸಮಾಧಾನ, ಇಲ್ಲಿಂದ ಮೇಲಕ್ಕೆ ಹೋದರೆ ಗಲ್ಲ ಎಂದು ಲೆಕ್ಕ. ಹಾಗೆ ಹತ್ತುತ್ತ ಹೋಗಿ ಮಧ್ಯಾಹ್ನ ಎರಡರ ಸುಮಾರಿಗೆ ಎಡಗಣ್ಣು ತಲುಪಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬಾಬು ಮಾಲೂರಿಗೆ ಬ್ಯಾನರ್ ಕಟ್ಟಲು ಹೋಗಿದ್ದ. ಉಳಿದ ಮುಖವೆಲ್ಲ ಸಣ್ಣ ಸಣ್ಣ ಕಾಳುಗಳಿಂದ ಆಗಿತ್ತು, ಯಾವ ಹಳೆಯ ಫೋಟೋ ಆದರೂ ಹಾಗೇ. ಕಣ್ಣಿನಲ್ಲಿ ಮಾತ್ರ ಕಾಳು ಇರಲಿಲ್ಲ. ಅಲ್ಲಿದ್ದದ್ದು ಬ್ರಷ್ಷಿನ ಗೆರೆಗಳು. ಒಂದೊಂದು ರೆಪ್ಪೆಗೂದಲೂ ಒಂದೊಂದು ಎಳೆತ, ಕರಿಗುಡ್ಡೆಗೆ ಎರಡು ಸುತ್ತು, ಅದರ ಮೇಲೆ, ಮೇಲ್ಗಡೆ ಎಡಕ್ಕೆ, ಒಂದು ಬಿಳಿ ಚುಕ್ಕೆ.

ನರಸಪ್ಪನವರ ಕೈ. ಸಂತೋಷವೇ ಆಯಿತು ನನಗೆ. ಸತ್ತ ಗುರುಗಳು ಇದ್ದಕ್ಕಿದ್ದಂತೆ ಎದುರು ಬಂದ ಹಾಗಾಗಿ "ಏನ್ ಸಾರ್, ಇಲ್ಲಿದ್ದೀರ" ಎಂದು ಬಾಯಿಬಿಟ್ಟು ಹೇಳಿದೆ. ಪೂರ್ತಿ ಕಣ್ಣನ್ನೇ ಏಕೆ ಬರೆದರು, ಇದ್ದ ಕಣ್ಣಿಗೆ ಏನಾಗಿತ್ತು ಎಂದು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಹುಡುಗ ಕಣ್ಣು ಮಿಟುಕಿಸಿರಬೇಕು ಎಂದುಕೊಂಡೆ.

ಹೆಗಲ ಕಲೆಗೆ ಬಂದೆ. ಶಲ್ಯದ ಅಂಚಿನಲ್ಲಿ ಮಾಸಲಾದ ನಾಲ್ಕು ಉದ್ದ ಗೆರೆಗಳು. ಮೂಲದ ಮೇಲೆ ಕೈ ಇಡಬಾರದೆಂದು, ಅದರ ಮೇಲೆ ಇನ್ನೊಂದು ಪದರ ಹಾಸಿಕೊಂಡು, ಆ ಪದರದಲ್ಲಿ ಕಲೆಯನ್ನು ಚೆನ್ನಾಗಿ ಅಳಿಸಿದೆ. ಉಳಿಸಲು ಹೋದರೆ ಎರಡು ಪದರ ಸೇರಿ ಮಿತಿ ಮೀರಿತು, ಮಾಮೂಲಿ ನಮೂನೆ ಕೈಯೆತ್ತಿತು. ನಾನು ಕಾದಿದ್ದ ಗಳಿಗೆ. ಆ ಸಣ್ಣ ಚೌಕದಲ್ಲಿ ಗುರುತು ಹಾಕಿ, ಪಿ.ಎಸ್.ಬಿ. ಎಂದು ಆರಿಸಿ, ಉಳಿಸಲು ಒತ್ತಿದೆ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಟೀ ಕುಡಿದು ಬಂದರೂ ಪಟ್ಟಿ ಅರ್ಧಕ್ಕೇ ನಿಂತಿತ್ತು. ಕೊನೆಗೆ ಉಳಿಯಿತು. ಆಮೇಲೆ ತಿಳಿದದ್ದು, ಅದನ್ನು ಉಳಿಸಬಹುದೇ ಹೊರತು ಎಲ್ಲಿಗೂ ಒಯ್ಯುವ ಹಾಗಿಲ್ಲ. ಸಿಡಿಯಲ್ಲಿ ಹಿಡಿಸುವುದಿಲ್ಲ, ಪೆನ್‌ಡ್ರೈವಿನ ಮಾತು ಕೇಳಲೇಬೇಡಿ. ಊರಿನ ಬೇರೆ ಅಂಗಡಿಗಳ ಹಳೆಯ ಆವೃತ್ತಿಗೆ ಅದರ ಗುರುತೇ ಸಿಗುವುದಿಲ್ಲ. ನಮ್ಮ ಕಂಪ್ಯೂಟರಿನ ಒಳಗೆ ಹೋದ ಆ ಮನುಷ್ಯ ಹೊರಗೆ ಬರುವಂತಿರಲಿಲ್ಲ. ಅವನನ್ನು ತೆರೆದರೆ ಉಳಿದ ಕೆಲಸವೆಲ್ಲ ನಿಂತುಹೋಗುತ್ತಿತ್ತು. ಬಾಬು ಅದಕ್ಕೆ ದೆವ್ವದ ಫೈಲು ಎಂದು ಹೆಸರಿಟ್ಟ. "ಆ ದೆವ್ವನ ಬೇಗ ಓಡ್ಸು. ಹಾರ್ಡ್ ಡಿಸ್ಕಲ್ಲಿ ಜಾಗ ಇಲ್ಲ" ಎಂದು ಗೊಣಗುತ್ತಿದ್ದ. ಅವನ ಕಾಟಕ್ಕೆ ನಾನು ಮೂಲ ಸ್ಕ್ಯಾನನ್ನು ಅಳಿಸಿ ಜಾಗ ಮಾಡಿಕೊಟ್ಟೆ. ಹೇಗೂ ಅದು ದೆವ್ವದ ಕೆಳಗಿನ ಪದರದಲ್ಲಿ ಇದ್ದೇ ಇದೆಯಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ನನಗೆ ಒಳ್ಳೆಯ ಹೆಸರು ಬರುತ್ತಿತ್ತು. ಆದರೆ ಗಾಜಿನ ಮೇಲಿನ ಒಂದೆರಡು ಗೀರುಗಳು ಚಿತ್ರದಲ್ಲಿ ಬಂದಿದ್ದವು. ಏಳುನೂರು ಪರದೆಯ ಮನುಷ್ಯನಿಗೆ ಎರಡು ಗೀರು ಯಾವ ಲೆಕ್ಕ? ನನಗೆ ಮಾತ್ರ ನಿದ್ದೆ ಬರಲಿಲ್ಲ. ಗಾಜಿನಿಂದ ಬಿಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಬೇಕೆಂದು ತೀರ್ಮಾನಿಸಿದೆ. ಗಾಜಿಗೆ ಅಂಟಿದ ಪ್ರಿಂಟನ್ನು ಬಿಡಿಸಲು ನರಸಪ್ಪನವರನ್ನು ನೋಡಿ ಕಲಿತ ದಾರಿ ಒಂದೇ, ನೀರಿನ ಟ್ರೇಯಲ್ಲಿ ನೆನೆಹಾಕುವುದು. ಅವರೇ ತೆಲುಗಿನಲ್ಲಿ ಹೇಳಿದ ಪಾಠ, ಬ್ರಷ್ ಮುಟ್ಟಿದ್ದಕ್ಕೆ ನೀರು ಮುಟ್ಟಿಸಬೇಡ ಎನ್ನುವುದು, ನನಗೆ ನೆನಪಿರಲಿಲ್ಲ ಎಂದರೆ ಸುಳ್ಳು. ನೆನಪಿತ್ತು. ಬ್ರಷ್ಷಿನ ಗೆರೆಗಳನ್ನು ನಾನೇ ಕಣ್ಣಾರೆ ಕಂಡಿದ್ದೆ. ಮೇಲೆ ವಾರ್ನಿಷ್ ಹೊಡೆದಿರುತ್ತಾರೆ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬನೇ ಇದ್ದೆ. ಒಂದೆರಡು ಕಡೆ ತಿದ್ದಿ, ಫೈಲು ಉಳಿಸಲು ಒತ್ತಿ, ಅದು ಮುಗಿಯುವಷ್ಟರಲ್ಲಿ ಈ ಕೆಲಸ ಮಾಡೋಣವೆಂದು ಹಿಂದಿನ ಕೋಣೆಗೆ ಹೋಗಿ ಚೌಕಟ್ಟಿನ ಗಾಜನ್ನು ನೀರಿಗೆ ಇಳಿಸಿದೆ. ಅದೇ ಹೊತ್ತಿಗೆ ಕರೆಂಟು ಹೋಯಿತು. ಮುಂದಿನ ಕೋಣೆಯಲ್ಲಿ ಯುಪಿಎಸ್ ಕೀಚ್ ಕೀಚ್ ಎಂದು ಕೂಗಿ ಸುಮ್ಮನಾಯಿತು. ಎಸಿ ನಿಂತಿತು, ಪ್ರಿಂಟರ್ ನಿಂತಿತು. ಅಂಗಡಿ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಗವಾಕ್ಷಿಯ ಬೆಳಕು ನೇರವಾಗಿ ಟ್ರೇಯ ಮೇಲೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಫೋಟೋ ಗಾಜನ್ನು ಬಿಟ್ಟು ತಾನಾಗಿಯೇ ಮೇಲೆ ತೇಲಿತು. ಒಂದು ಚೂರೂ ಹರಿದಿರಲಿಲ್ಲ. ಭೇಷ್ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದರೊಳಗೆ, ಅವನ ಎರಡೂ ಕಣ್ಣುಗಳಿಂದ ಕಾಡಿಗೆಯ ಹಾಗೆ ಕಪ್ಪು ಎಳೆಗಳು ಎದ್ದು ನೀರಿನಲ್ಲಿ ಬಿಚ್ಚಿಕೊಂಡವು. ಮೊದಲು ಬಿಳಿ ಚುಕ್ಕೆ ಹೋಯಿತು. ಆಮೇಲೆ ಕರಿಗುಡ್ಡೆ. ಆಮೇಲೆ ರೆಪ್ಪೆಗೂದಲು. ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದ ಮನುಷ್ಯ ನಿಧಾನವಾಗಿ ಕಣ್ಣು ಮುಚ್ಚಿದ.

ಬರೆದ ಕಣ್ಣಿನ ಅಡಿಯಲ್ಲಿ ಇದ್ದದ್ದು ಮುಚ್ಚಿದ ಕಣ್ಣು, ನರಸಪ್ಪನವರು ಹೇಳುತ್ತಿದ್ದದ್ದು ಗಾದೆಯಲ್ಲ. ಬದುಕಿದ್ದಾಗ ಒಂದೂ ಫೋಟೋ ತೆಗೆಸದೆ ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದು, ಆಮೇಲೆ ಕಣ್ಣು ಬರೆಯುತ್ತಿದ್ದ ಕಾಲವೊಂದಿತ್ತು ಎಂದು ಕೇಳಿದ್ದೆ. ಕೇಳುವುದು ಬೇರೆ. ಹೆಗಲ ಮೇಲೂ ಬಣ್ಣ ಕರಗುತ್ತಿತ್ತು. ಶಲ್ಯದ ಮಡಿಕೆ ಎಂದು ಬಳಿದದ್ದೆಲ್ಲ ಹೋಗಿ ಅಲ್ಲಿ ನಾಲ್ಕು ಬೆರಳುಗಳು ಕಂಡವು. ಕುರ್ಚಿಯ ಹಿಂದಿನಿಂದ ಯಾರೋ ಅವನ ಹೆಗಲನ್ನು ಭದ್ರವಾಗಿ ಹಿಡಿದಿದ್ದರು.

ಇಷ್ಟು ಭಯದಲ್ಲೂ ನನಗೆ ಬಂದ ಮೊದಲ ಯೋಚನೆ ದೆವ್ವದ್ದಲ್ಲ, ಫೈಲಿನದು. ಮೇಷ್ಟ್ರ ಅಪ್ಪ ಕಣ್ಣು ಬಿಟ್ಟಿರುವುದು ಇನ್ನು ಇಡೀ ಲೋಕದಲ್ಲಿ ಒಂದೇ ಕಡೆ, ಆ ಕಂಪ್ಯೂಟರಿನಲ್ಲಿ. ಅದನ್ನು ಉಳಿಸುತ್ತಿದ್ದಾಗಲೇ ಕರೆಂಟು ಹೋಗಿದೆ. ಉಳಿಸುವ ನಡುವೆ ಕರೆಂಟು ಹೋದ ಫೈಲು ಕೆಲವೊಮ್ಮೆ ಹಳೆಯದೂ ಇಲ್ಲ ಹೊಸದೂ ಇಲ್ಲ ಎಂದಾಗುತ್ತದೆ. ಅಪ್ಪನನ್ನು ಕತ್ತೆತ್ತಿ ನೋಡಬೇಕೆಂದ ಮನುಷ್ಯನಿಗೆ ನಾನು ಏನು ಕೊಡಲಿ? ಟ್ರೇಯ ಮೇಲೆ ಒಂದು ಹಲಗೆ ಮುಚ್ಚಿ ಹೊರಗೆ ಬಂದರೆ, ಬಾಗಿಲಲ್ಲಿ ಮೇಷ್ಟ್ರೇ ನಿಂತಿದ್ದರು. ಜೊತೆಯಲ್ಲಿ ಬಿಳಿ ಸೀರೆಯ ಒಬ್ಬ ಸಣ್ಣ ಅಜ್ಜಿ.

"ನಮ್ಮಮ್ಮ" ಎಂದರು ಮೇಷ್ಟ್ರು. "ಮೂರು ದಿನದಿಂದ ಗೂಡು ಖಾಲಿ ಇದೆ ಅಂತ ಸರಿಯಾಗಿ ಊಟಾನೇ ಮಾಡ್ತಿಲ್ಲ. ಫೋಟೋ ವಾಪಸ್ ತಗೊಂಡು ಹೋಗೋಣ ಅಂತ ಬಂದ್ವಿ. ಆಫೀಸಲ್ಲಿ ಸಾಹೇಬ್ರಿಗೆ ಇನ್ವಿಟೇಷನ್ ಕೊಟ್ಟು ಒಂದು ಗಂಟೇಲಿ ಬರ್ತೀನಿ. ಅಲ್ಲೀವರೆಗೂ ಕಂಪ್ಯೂಟರಲ್ಲಿ ಅಪ್ಪನ್ನ ತೋರ್ಸು ಅವ್ರಿಗೆ." ಹೀಗೆಂದು ಹೋಗಿಯೇಬಿಟ್ಟರು. ಅವರು ಬೀದಿಯ ತಿರುವು ದಾಟುವಷ್ಟರಲ್ಲಿ ಕರೆಂಟು ಬಂತು.

ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ ಫೈಲಿನ ಮೇಲೆ ಎರಡು ಸಲ ಒತ್ತಿದೆ. ಪರದೆಯಲ್ಲಿ ಖಾಲಿ ಪಟ್ಟಿಯೊಂದು ಬಂತು. ಅದು ತುಂಬಲು ಇಪ್ಪತ್ತು ನಿಮಿಷ ಬೇಕು. ತುಂಬುವ ಮೊದಲೇ ತೆರೆಯಲಾಗದು ಎಂದೂ ಹೇಳಿಬಿಡಬಹುದು. ಅಜ್ಜಿ ಆ ಪಟ್ಟಿಯನ್ನೇ ನೋಡುತ್ತ "ಇದೇನು ನಾಯನಾ?" ಎಂದರು. ನಾಯನಾ ಎಂದರೆ ನಮ್ಮ ಕಡೆಯ ತೆಲುಗಿನಲ್ಲಿ ಅಪ್ಪಾ ಎಂದು ಕರೆದ ಹಾಗೆ.

"ಬರ್ತಿದ್ದಾರಮ್ಮ ಅವ್ರು. ಸ್ವಲ್ಪ ನಿಧಾನ."

"ಮೊದ್ಲಿಂದ್ಲೂ ಹಂಗೇ" ಎಂದರು ಅಜ್ಜಿ. "ಊಟಕ್ಕೆ ಕರೆದ್ರೆ ತಟ್ಟೆ ತಣ್ಣಗಾದ್ಮೇಲೆ ಬರೋರು."

ಪಟ್ಟಿ ತುಂಬಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲ್ತುದಿಯಿಂದ ಚೌಕ ಚೌಕವಾಗಿ ಚಿತ್ರ ಇಳಿಯತೊಡಗಿತು. ಪೇಟ, ಹಣೆ, ಹುಬ್ಬು. ಹುಬ್ಬಿನ ಕೆಳಗಿನ ಚೌಕ ಬರಲು ತಡವಾಯಿತು. ನಾನು ಮುಕ್ಕೋಟಿ ದೇವರನ್ನೂ ನೆನೆದೆ. ಬಂತು. ಕಣ್ಣು ತೆರೆದೇ ಇತ್ತು. ಅಜ್ಜಿ ಮುಖದ ಕಡೆ ನೋಡಲೇ ಇಲ್ಲ. ಎದ್ದು ಪರದೆಯ ಹತ್ತಿರ ಬಂದು, ಚೌಕಟ್ಟಿನ ಗಾಜಿನ ಮೇಲೆ ಜಿಡ್ಡಿನ ಗುರುತು ಇದ್ದ ಜಾಗದ ನೇರಕ್ಕೇ ಬೆರಳಿಟ್ಟರು. ಅಲ್ಲಿ ನಾನು ಅಳಿಸಿ ನುಣ್ಣಗೆ ಮಾಡಿದ್ದ ಶಲ್ಯ ಇತ್ತು.

"ನಾಯನಾ, ನನ್ ಬೆರಳು ಎಲ್ಲಿ?" ಎಂದರು.

ಅಜ್ಜಿ ಸ್ಟೂಲಿನ ಮೇಲೆ ಮತ್ತೆ ಕೂತು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು. "ಮೂರೇ ದಿನದ ಜ್ವರ. ಒಂದು ಫೋಟೋ ಇರ್ಲಿಲ್ಲ ಅವ್ರದ್ದು. ಹುಟ್ಟೋ ಮಗೂಗೆ ಅಪ್ಪನ ಮುಖ ಬೇಡ್ವಾ ಅಂತ ನಾನೇ ಹಠ ಮಾಡ್ದೆ. ಮುಳಬಾಗ್ಲಿಂದ ಗಾಡೀಲಿ ಕರ್ಕೊಂಡು ಬಂದ್ರು ಫೋಟೋದವ್ರನ್ನ. ಕುರ್ಚೀಲಿ ಕೂರ್ಸಿದ್ರೆ ಜಾರೋರು. ಹಿಡ್ಕೊಳೋಕೆ ಯಾರೂ ಬರ್ಲಿಲ್ಲ, ಹೆದ್ರಿಕೆ. ನಾನೇ ಹಿಂದೆ ಕೂತೆ. ನನ್ ಮೇಲೆ ಜಮಖಾನೆ ಹೊದ್ಸಿದ್ರು. ಅಲ್ಲಾಡ್ಬೇಡಿ ಅಂದ್ರು ಫೋಟೋದವ್ರು. ಅಲ್ಲಿ ಅಲ್ಲಾಡೋಳು ನಾನೊಬ್ಳೇ ನಾಯನಾ." ಮಗ ಹೋದ ಬಾಗಿಲ ಕಡೆ ಕೈ ತೋರಿಸಿ, "ಇವ್ನೂ ಹೊಟ್ಟೇಲಿದ್ದ. ಒದೀತಿದ್ದ" ಎಂದರು.

ಅಂದರೆ ಆ ಫೋಟೋದಲ್ಲಿ ಮೂವರಿದ್ದರು. ಗಂಡ, ಹೆಂಡತಿ, ಮಗ. ಅದರಲ್ಲಿ ಅಜ್ಜಿಯ ಪಾಲಿಗೆ ಕಾಣುವುದು ನಾಲ್ಕೇ ಬೆರಳು, ಅದನ್ನೂ ಮಗನೇ ಕಲೆ ಎಂದು ತೆಗೆಸಿದ್ದ, ನಾನು ತೆಗೆದಿದ್ದೆ. ಆ ಸಾಫ್ಟ್‌ವೇರಿನಲ್ಲಿ ಪ್ರತಿ ಪದರದ ಪಕ್ಕದಲ್ಲೂ ಒಂದು ಸಣ್ಣ ಕಣ್ಣಿನ ಚಿತ್ರ ಇರುತ್ತದೆ. ಅದರ ಮೇಲೆ ಒತ್ತಿದರೆ ಆ ಪದರ ಮರೆಯಾಗುತ್ತದೆ. ಸಾವಿರಾರು ಸಲ ಒತ್ತಿದ್ದೇನೆ. ಅಂದು ಮಾತ್ರ ಮೇಲಿನ ಪದರದ ಆ ಕಣ್ಣನ್ನು ಮುಚ್ಚಿಸುವ ಮೊದಲು ಒಮ್ಮೆ ಅಜ್ಜಿಯ ಕಡೆ ನೋಡಿದೆ. ಒತ್ತಿದೆ. ಮತ್ತೆ ಚೌಕ ಚೌಕವಾಗಿ ಚಿತ್ರ ಬದಲಾಯಿತು. ಮೇಲೆ ತೆರೆದ ಕಣ್ಣು ಹಾಗೆಯೇ ಉಳಿಯಿತು, ಕೆಳಗೆ ಹೆಗಲ ಮೇಲೆ ಒಂದೊಂದಾಗಿ ನಾಲ್ಕು ಮಾಸಲು ಗೆರೆಗಳು ವಾಪಸ್ಸು ಬಂದವು. ಬಾಬು ಬೈದರೂ, ಎರಡು ಪದರಗಳನ್ನು ಒಂದು ಮಾಡಿ ಫೈಲು ಚಿಕ್ಕದು ಮಾಡದೆ, ಜಂಬಕ್ಕಾಗಿ ಆ ದೊಡ್ಡ ನಮೂನೆಯಲ್ಲೇ ಇಟ್ಟುಕೊಂಡಿದ್ದೆನಲ್ಲ, ಅದರಿಂದ ಉಳಿದ ಬೆರಳುಗಳು ಅವು.

ಆಮೇಲೆ ನನಗೆ ತಡೆಯಲಾಗಲಿಲ್ಲ. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಹಲಗೆ ತೆಗೆದು, "ತಪ್ಪಾಗ್ಹೋಯ್ತಮ್ಮ" ಎಂದೆ. ಅಜ್ಜಿ ಬಗ್ಗಿ ನೀರಿನೊಳಗೆ ನೋಡಿದರು. ಅತ್ತರೆ ಏನು ಮಾಡುವುದು, ಬಿದ್ದರೆ ಯಾರನ್ನು ಕರೆಯುವುದು ಎಂದು ನಾನು ಯೋಚಿಸುತ್ತಿದ್ದೆ. ಅವರು ಬಹಳ ಹೊತ್ತು ನೋಡಿ "ಹೂಂ. ಹಿಂಗೇ ಇದ್ರು" ಎಂದರು. ಬೆರಳುಗಳು ಈಗ ಉಗುರಿನ ಸಮೇತ ಸ್ಪಷ್ಟವಾಗಿದ್ದವು. ಅಜ್ಜಿ ತಮ್ಮ ಕೈಯನ್ನು ಪಕ್ಕದಲ್ಲಿ ಹಿಡಿದು ಹೋಲಿಸಿ ನೋಡಿಕೊಂಡರು.

"ಇದು ನಂಗೆ" ಎಂದರು. "ಕಣ್ಬಿಟ್ಟಿರೋದು ಅವ್ನಿಗೆ. ಅವ್ನಿಗೇನೂ ಹೇಳ್ಬೇಡ ನಾಯನಾ. ಅಪ್ಪ ನೋಡ್ತಾವ್ರೆ ಅಂತಾನೇ ಬೆಳ್ದೋನು." ಬಾಗಿಲ ಹತ್ತಿರ ನಿಂತು ಮತ್ತೆ ಕೇಳಿದರು, "ಕರೆಂಟ್ ಹೋದ್ರೆ ಆ ಪೆಟ್ಟಿಗೇಲಿ ಅವ್ರು ಇರ್ತಾರಾ?"

"ಇರ್ತಾರಮ್ಮ" ಎಂದೆ. ಅರ್ಧ ಗಂಟೆಯ ಹಿಂದೆ ನನಗೂ ಅದು ಗೊತ್ತಿರಲಿಲ್ಲ.

ಮೇಷ್ಟ್ರು ಬರುವುದರೊಳಗೆ ಅದೇ ಅಳತೆಯ ಹೊಸ ಪ್ರಿಂಟು ತೆಗೆದು, ಬೆರಳಿನ ಕಲೆಯ ಸಮೇತ, ಹಳೆಯ ಚೌಕಟ್ಟಿನೊಳಗೆ ಸೇರಿಸಿದೆ. ಒಣಗಿದ ಹಳೆಯ ಫೋಟೋ ಅಜ್ಜಿಯ ಎಲೆಅಡಿಕೆ ಚೀಲ ಸೇರಿತು. ಮೇಷ್ಟ್ರು ಚೌಕಟ್ಟು ನೋಡಿ "ಗಾಜು ಒರೆಸಿದ್ದೇ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಮ್ಮ" ಎಂದರು. ಅಜ್ಜಿ "ಹೌದಪ್ಪ" ಎಂದರು.

ಪ್ರಿಂಟರಿನಿಂದ ಮೇಷ್ಟ್ರ ಅಪ್ಪ ಎರಡು ಸೀಳಾಗಿ ಹೊರಗೆ ಬಂದರು. ಒಂದು ಸೀಳಿಗೆ ಒಂದು ಕಣ್ಣು, ಮೊರದಷ್ಟು ಅಗಲ. ಇಂಕು ಆರಲೆಂದು ನೆಲದ ಮೇಲೆ ಹಾಸಿದ್ದಾಗ ಬಾಬು ಅದರ ಮೇಲೆಯೇ ಚಪ್ಪಲಿ ಬಿಟ್ಟು ಓಡಾಡಿದ. ನಾನು ಗೋಡೆಗೆ ಒತ್ತಿಕೊಂಡು ಸುತ್ತು ಹಾಕಿ ಹೋದೆ. ಉದ್ಘಾಟನೆಯ ದಿನ ಶಾಲೆಯ ಅಂಗಳದಲ್ಲಿ ಸರ್ವೆ ಕಂಬಗಳನ್ನು ನೆಟ್ಟು ಅದನ್ನು ಎತ್ತಿ ಕಟ್ಟಿದೆವು. ಗಾಳಿ ತುಂಬಿದಾಗ ಎದೆ ಉಬ್ಬುತ್ತಿತ್ತು, ಗಾಳಿ ಬಿಟ್ಟಾಗ ಇಳಿಯುತ್ತಿತ್ತು. ಜನ ಮಾತಾಡುವುದನ್ನು ನಿಲ್ಲಿಸಿ ನೋಡಿದರು. ಮೇಷ್ಟ್ರು ಕಂಬದ ಬುಡಕ್ಕೆ ಹೋಗಿ ಕತ್ತೆತ್ತಿ ನಿಂತರು. ಪೂರ್ತಿ ನೋಡಲು ಇನ್ನೂ ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿದರು. "ನನ್ನೇ ನೋಡ್ತಿದ್ದಾರೆ" ಎಂದು ಪಕ್ಕದವರಿಗೆ ಹೇಳುತ್ತ ಕಣ್ಣೊರೆಸಿಕೊಂಡರು. ಐವತ್ತೇಳು ವರ್ಷದ ಆ ಮನುಷ್ಯ ಆಗ ಚಿಕ್ಕ ಹುಡುಗನಾಗಿ ಕಂಡರು. ಅಜ್ಜಿ ಕುರ್ಚಿಯಲ್ಲಿ ಕೂತು ಹೆಗಲನ್ನು ನೋಡುತ್ತಿದ್ದರು. ಅಲ್ಲಿ ಮೊಳದುದ್ದದ ನಾಲ್ಕು ಬೆರಳುಗಳು, ಗಾಳಿಗೆ ಜಾರುತ್ತಿದ್ದ ಗಂಡನನ್ನು ಗಟ್ಟಿಯಾಗಿ ಹಿಡಿದಿದ್ದವು. ಅಷ್ಟು ಜನರಲ್ಲಿ ಅವು ಬೆರಳು ಎಂದು ಯಾರಿಗೂ ತಿಳಿಯಲಿಲ್ಲ.

ಸಭೆ ಮುಗಿದ ಮೇಲೆ ಮೇಷ್ಟ್ರು ನನ್ನ ಹತ್ತಿರ ಬಂದರು. "ಎಲ್ಲಾ ಚೆನ್ನಾಗ್ ಮಾಡಿದ್ದೀಯ. ಅದೊಂದು ಕಲೆ ತೆಗಿ ಅಂತ ಹೇಳಿದ್ದೆ, ಅದನ್ನೇ ಬಿಟ್ಬಿಟ್ಟೆಯಲ್ಲಪ್ಪ. ಅಷ್ಟು ದೊಡ್ಡದು ನಿನ್ ಕಣ್ಣಿಗೆ ಕಾಣ್ಲಿಲ್ವಾ?" ಎಂದು ಎಲ್ಲರ ಎದುರಿಗೆ ಕೇಳಿದರು. ನಾಲ್ಕು ತಾಲ್ಲೂಕಿಗೆ ಒಬ್ಬನೇ ಎಂದು ಮೆರೆದವನು ನಾನು ತಲೆ ತಗ್ಗಿಸಿ "ಮರೆತ್ಹೋಯ್ತು ಸಾರ್" ಎಂದೆ. ಕಡ್ಡಿಯನ್ನೆಲ್ಲ ಗುಡ್ಡ ಮಾಡಿದವನು ಒಂದು ಗುಡ್ಡವನ್ನು ಕಡ್ಡಿ ಎಂದು ಹೇಳಿದ್ದು ಅದೊಂದೇ ಸಲ. ಬಾಬು ದಾರಿಯುದ್ದಕ್ಕೂ ನನ್ನನ್ನು ಛೇಡಿಸಿದ. ಈಗ ಅಜ್ಜಿ ಇಲ್ಲ, ಮೇಷ್ಟ್ರೂ ಇಲ್ಲ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ. ಅಂಗಡಿ ಮುಚ್ಚಿದಾಗ ಆ ಹಾರ್ಡ್ ಡಿಸ್ಕನ್ನು ಬಾಬುವಿನಿಂದ ಕೇಳಿ ತಂದು ಬೀರುವಿನಲ್ಲಿ ಇಟ್ಟಿದ್ದೇನೆ. ಕರೆಂಟು ಇಲ್ಲದಿದ್ದರೂ ಅವರು ಅದರಲ್ಲಿ ಇದ್ದಾರೆ ಎಂದುಕೊಂಡಿದ್ದೇನೆ.

ಇನ್ನು ನಮ್ಮ ತಾತನ ವಿಷಯ. ಅವರು ಮುಳಬಾಗಿಲಿನವರು. ಫೋಟೋದ ಹಿಂದೆ ನರಸಪ್ಪನವರ ಸ್ಟುಡಿಯೋದ ಮುದ್ರೆ ಇದೆ. ಕಣ್ಣು ಅಗಲವಾಗಿ ಬಿಟ್ಟು ಕೂತಿದ್ದಾರೆ. ಎರಡೂ ಕಣ್ಣಿನಲ್ಲಿ, ಮೇಲ್ಗಡೆ ಎಡಕ್ಕೆ, ಒಂದೊಂದು ಬಿಳಿ ಚುಕ್ಕೆ ಇದೆ. ಹೋದ ಹಬ್ಬಕ್ಕೆ ಹೆಂಡತಿ ಗಾಜು ಒರೆಸುತ್ತಿದ್ದವಳು ಅಲ್ಲಿಂದಲೇ ಕೂಗಿದಳು. "ರೀ, ಬನ್ನಿ ಇಲ್ಲಿ. ತಾತನ ಹೆಗಲ ಹತ್ರ ಏನೋ ಇದೆ."

"ಹಳೇ ಫೋಟೋ ಕಣೇ, ಕಲೆ ಇರುತ್ತೆ" ಎಂದೆ. ಪೇಪರಿನಿಂದ ತಲೆ ಎತ್ತಲಿಲ್ಲ.